ಬಿಡಿಸಿದ ಚಿತ್ರವನ್ನು ಅಂಗಳಕ್ಕೆ ತಂದು ಫೋಟೋ ತೆಗೆಯುವುದು: ನೀವು ಹೇಗೆ ಮಾಡುತ್ತೀರಿ?

ಬದಿಯಡ್ಕದ ಬಣ್ಣ

ಎಲ್ಲರಿಗೂ ನಮಸ್ಕಾರ. ನಾನು ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯವಳು. ಜಲವರ್ಣದಲ್ಲಿ ಚಿತ್ರ ಬಿಡಿಸುತ್ತೇನೆ. ಹೆಚ್ಚಿನವು ಸಣ್ಣವು, ಎ4 ಕಾಗದದಷ್ಟು. ವಿಷಯವೂ ಇಲ್ಲಿಯದ್ದೇ. ಹಂಚಿನ ಮನೆ, ಅಡಿಕೆ ಒಣಗಲು ಹರವಿದ ಅಂಗಳ, ನೀರು ನಿಲ್ಲಿಸಲು ತೋಡಿಗೆ ಹಾಕಿದ ಕಟ್ಟ, ನೀರಿಗಾಗಿ ಗುಡ್ಡೆಗೆ ಕೊರೆದ ಸುರಂಗದ ಬಾಯಿ.

ಈಗ ಸ್ವಲ್ಪ ಸಮಯದಿಂದ ಚಿತ್ರಗಳನ್ನು ಹೊರಗೆ ಇಟ್ಟು ಫೋಟೋ ತೆಗೆಯುತ್ತಿದ್ದೇನೆ. ಕೆಂಪು ಮುರಕಲ್ಲಿನ ಪಾಗಾರಕ್ಕೆ (ಕಾಂಪೌಂಡು ಗೋಡೆಗೆ) ಒರಗಿಸಿ, ಜಗಲಿಯ ಮೇಲಿಟ್ಟು, ಬಾವಿಕಟ್ಟೆಯ ಮೇಲಿಟ್ಟು. ಬಿಳಿ ಗೋಡೆಯ ಮುಂದೆ ತೆಗೆದದ್ದಕ್ಕಿಂತ ಇವು ನನಗೆ ಜಾಸ್ತಿ ಹಿಡಿಸುತ್ತವೆ. ಚಿತ್ರ ಎಷ್ಟು ದೊಡ್ಡದು ಅಂತ ನೋಡಿದ ಕೂಡಲೇ ಗೊತ್ತಾಗುತ್ತದೆ. ಯಾವ ಊರಿನ ಬೆಳಕು ನೋಡಿ ಬಿಡಿಸಿದ್ದು ಅಂತಲೂ ಗೊತ್ತಾಗುತ್ತದೆ.

ತೊಂದರೆ ಎರಡು. ಒಂದು, ಬಣ್ಣ ಸರಿ ಬರುವುದಿಲ್ಲ. ಪಾಗಾರದ ಮುಂದೆ ಇಟ್ಟರೆ ಚಿತ್ರದ ಬಿಳಿ ಜಾಗ ನೀಲಿ ಹೊಡೆಯುತ್ತದೆ. ತೋಟದೊಳಗೆ ಇಟ್ಟರೆ ಹಸಿರು. ಎರಡು, ಕೆಲವು ಸಲ ಹಿಂದಿನ ಕಲ್ಲೇ ಎದ್ದು ಕಾಣುತ್ತದೆ, ಚಿತ್ರ ಮಂಕಾಗುತ್ತದೆ. ನೀವೆಲ್ಲ ಏನು ಮಾಡುತ್ತೀರಿ? ಫೋನಿನಲ್ಲೇ ತೆಗೆಯುವುದು, ಬೇರೆ ಕ್ಯಾಮೆರಾ ಇಲ್ಲ.

ಉಪ್ಪಳ ಸ್ಟುಡಿಯೋ

ಅಕ್ಕ, ಮೊದಲ ತೊಂದರೆಗೆ ನಾನು ಹೇಳುತ್ತೇನೆ. ಮದುವೆ ಫೋಟೋ ತೆಗೆದು ಬದುಕುವವನು ನಾನು, ಈ ಬಣ್ಣದ ಜಗಳ ನಮಗೆ ದಿನಾ ಇದೆ.

ಪಾಗಾರದ ಮುಂದೆ ನೀಲಿ ಆಗುವುದು ಫೋನಿನ ಲೆಕ್ಕದಿಂದ. ಫ್ರೇಮಿನ ತುಂಬ ಕೆಂಪು ಕಲ್ಲು ಇರುತ್ತದಲ್ವಾ? ಬೆಳಕೇ ಕೆಂಪಾಗಿದೆ ಅಂತ ಫೋನು ತಿಳಿಯುತ್ತದೆ. ಅದನ್ನು ಸರಿ ಮಾಡಲು ನೀಲಿ ಸೇರಿಸುತ್ತದೆ. ಕಲ್ಲು ಸ್ವಲ್ಪ ಸಪ್ಪೆ ಆಗುತ್ತದೆ, ನಿಮ್ಮ ಕಾಗದ ನೀಲಿ ಆಗುತ್ತದೆ. ಮಳೆಗಾಲದಲ್ಲಿ ಇದು ಇನ್ನೂ ಜಾಸ್ತಿ. ಒದ್ದೆ ಮುರಕಲ್ಲು ಒಣ ಕಲ್ಲಿಗಿಂತ ಗಾಢ ಕೆಂಪು.

ತೋಟದ ಹಸಿರು ಬೇರೆ ಕತೆ. ಅಲ್ಲಿ ಬೆಳಕೇ ನಿಜವಾಗಿ ಹಸಿರು. ಸೋಗೆಯ ನಡುವಿನಿಂದ ಇಳಿದು, ಎಲೆಗೆ ತಾಗಿ ಚದುರಿ ಬರುವ ಬೆಳಕು ಅದು. ಕಣ್ಣು ಹೊಂದಿಕೊಳ್ಳುತ್ತದೆ, ನಮಗೆ ಗೊತ್ತಾಗುವುದಿಲ್ಲ. ಫೋನು ಅಷ್ಟು ಹೊಂದಿಕೊಳ್ಳುವುದಿಲ್ಲ.

ಮಾಡಬೇಕಾದ್ದು ಸುಲಭ. ಫೋನಿನಲ್ಲಿ ಪ್ರೊ ಮೋಡ್ ಇದ್ದರೆ ವೈಟ್ ಬ್ಯಾಲೆನ್ಸ್, ಅಂದರೆ ಬೆಳಕಿನ ಬಣ್ಣಕ್ಕೆ ಹೊಂದಿಸುವ ಸೆಟ್ಟಿಂಗು, ಆಟೋ ಬಿಡಬೇಡಿ. ಅದನ್ನು ಕೆಲ್ವಿನ್ ಲೆಕ್ಕದಲ್ಲಿ ಇಡುವುದು. ನೇರ ಬಿಸಿಲಿಗೆ 5500 ಕೆಲ್ವಿನ್ ಹತ್ತಿರ. ನೆರಳಿಗೆ 7000, ಕೆಲವೊಮ್ಮೆ ಅದಕ್ಕೂ ಮೇಲೆ. ಚಿತ್ರದ ಜಾಗದಲ್ಲಿ ಮೊದಲು ಒಂದು ಬೂದು ಕಾರ್ಡ್ (ಬಣ್ಣ ಸರಿ ನೋಡಲು ಬಳಸುವ ಬೂದು ಬಣ್ಣದ ರಟ್ಟು) ಇಟ್ಟು ಒಂದು ಫೋಟೋ ತೆಗೆಯಿರಿ. ಆಮೇಲೆ ಕಾರ್ಡ್ ತೆಗೆದು ಚಿತ್ರ ಇಡಿ. ಮನೆಗೆ ಬಂದು ಎಡಿಟ್ ಮಾಡುವಾಗ ಕಾರ್ಡಿನ ಫೋಟೋದಲ್ಲಿ ಬೂದು ಬಣ್ಣ ಸರಿಮಾಡಿ, ಅದೇ ಲೆಕ್ಕವನ್ನು ಚಿತ್ರದ ಫೋಟೋಗೂ ಹಾಕಿ. ರಾ ಫೈಲ್, ಅಂದರೆ ಫೋನು ಇನ್ನೂ ತಿದ್ದದ ಕಚ್ಚಾ ಫೋಟೋ, ತೆಗೆಯಲು ಬಂದರೆ ಬಹಳ ಒಳ್ಳೆಯದು, ಮಾಮೂಲಿ ಜೆಪೆಗ್‌ನಲ್ಲಿ ಬಣ್ಣ ಎಳೆದಾಡಲು ಅಷ್ಟು ಜಾಗ ಇರುವುದಿಲ್ಲ.

ಇನ್ನೊಂದು. ತೀರಾ ಹತ್ತಿರ ನಿಂತು ತೆಗೆಯಬೇಡಿ. ಫೋನಿನ ಮುಖ್ಯ ಲೆನ್ಸ್ ಅಗಲ ಕೋನದ್ದು. ಹತ್ತಿರ ನಿಂತು ಸ್ವಲ್ಪ ಓರೆ ಹಿಡಿದರೂ ಚೌಕ ಓರೆಯಾಗಿ ಬರುತ್ತದೆ. ನಾಲ್ಕು ಹೆಜ್ಜೆ ಹಿಂದೆ ಹೋಗಿ 2 ಪಟ್ಟು ಜೂಮ್ ಹಾಕಿ. ಗ್ರಿಡ್ ಗೆರೆ ಆನ್ ಮಾಡಿ. ಚಿತ್ರ ಹಿಂದಕ್ಕೆ ಒರಗಿದ್ದರೆ ಫೋನನ್ನೂ ಅಷ್ಟೇ ಓರೆ ಮಾಡಿ, ಎರಡೂ ಸಮಾನಾಂತರ ಇರಬೇಕು.

ಮುಳ್ಳೇರಿಯ ಮಣ್ಣು

ಉಪ್ಪಳದ ಅಣ್ಣ ಹೇಳಿದ್ದೆಲ್ಲ ಚಪ್ಪಟೆ ಚಿತ್ರಕ್ಕೆ ಸರಿ. ನಾನು ಸುಟ್ಟ ಮಣ್ಣಿನಲ್ಲಿ ಉಬ್ಬು ಫಲಕ ಮಾಡುವವ. ನನಗೆ ಬೇಕಾದ ಬೆಳಕೇ ಬೇರೆ.

ಚಪ್ಪಟೆ ಚಿತ್ರಕ್ಕೆ ಮೋಡದ ಬೆಳಕು ಒಳ್ಳೆಯದು. ಉಬ್ಬು ಕೆಲಸಕ್ಕೆ ಮೋಡದ ಬೆಳಕು ಬಿದ್ದರೆ ಎಲ್ಲ ಒಂದೇ ಸಮ ಕಾಣುತ್ತದೆ, ಕೆತ್ತಿದ್ದು ಯಾವುದು ಕೆತ್ತದ್ದು ಯಾವುದು ಅಂತ ತಿಳಿಯುವುದಿಲ್ಲ. ಬದಿಯಿಂದ ಓರೆ ಬಿಸಿಲು ಬೇಕು. ಬೆಳಿಗ್ಗೆ ಎಂಟರ ಒಳಗೆ ಅಥವಾ ಸಂಜೆ ನಾಲ್ಕೂವರೆ ನಂತರ. ನಮ್ಮ ಕಡೆ ಒಂದು ವಿಷಯ ಗಮನಿಸಬೇಕು. ಕಾಸರಗೋಡು ಇರುವುದು 12.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ವಾರದ ಹೊತ್ತಿಗೆ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ. ಅಲ್ಲಿಂದ ಆಗಸ್ಟ್ ನಡುವಿನವರೆಗೆ ಮಧ್ಯಾಹ್ನ ಅವನು ನಮ್ಮ ಉತ್ತರಕ್ಕೆ ಇರುತ್ತಾನೆ.

ಯಾಕೆ ಹೇಳಿದೆ ಅಂದರೆ, ಚಿತ್ರಕಲೆಯ ಪುಸ್ತಕಗಳಲ್ಲಿ ಉತ್ತರದ ಬೆಳಕು ಯಾವಾಗಲೂ ತಂಪು, ನೇರ ಬಿಸಿಲು ಬರುವುದಿಲ್ಲ ಅಂತ ಇರುತ್ತದೆ. ಅದು ಯುರೋಪಿನ ಮಾತು. ಮೇ ತಿಂಗಳಲ್ಲಿ ನಮ್ಮ ಮನೆಯ ಉತ್ತರದ ಗೋಡೆಗೆ ಬಿಸಿಲು ಹೊಡೆಯುತ್ತದೆ. ನವೆಂಬರಿನಿಂದ ಫೆಬ್ರವರಿವರೆಗೆ ಆ ಮಾತು ನಮಗೂ ಸರಿ. ಆಗ ಉತ್ತರದ ಜಗಲಿ ದಿನವಿಡೀ ತಂಪು ಬೆಳಕು ಕೊಡುತ್ತದೆ. ಜಲವರ್ಣಕ್ಕೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ.

ಪೆರ್ಲದ ಡ್ರಾಯಿಂಗ್ ಮಾಷ್ಟ್ರು

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ, ಬೇಸರ ಮಾಡಬೇಡಿ.

ತಂತ್ರದ ಮಾತು ಸರಿಯೇ. ಆದರೆ ಚಿತ್ರವನ್ನು ಹೊರಗೆ ಯಾಕೆ ತರುತ್ತೇವೆ ಅಂತ ಮೊದಲು ಕೇಳಿಕೊಳ್ಳಬೇಕು. ಈಗ ಮಕ್ಕಳು ಕಳಿಸುವ ಫೋಟೋಗಳನ್ನು ನೋಡುತ್ತೇನೆ. ಪೊಸಡಿಗುಂಪೆಯ ತುದಿಯಲ್ಲಿ ಚಿತ್ರ ಹಿಡಿದು ನಿಂತಿರುತ್ತಾರೆ. ಹಿಂದೆ ಗುಡ್ಡಗಳ ಸಾಲು, ಮೋಡ, ದೂರದ ಕಡಲು. ಚಂದವೇ. ಆದರೆ ನಾನು ಏನು ನೋಡಿದೆ? ಗುಡ್ಡ ನೋಡಿದೆ. ಚಿತ್ರದಲ್ಲಿ ಏನಿತ್ತು ಅಂತ ಕೇಳಿದರೆ ನೆನಪಿಲ್ಲ. ಹಿಂದಿನ ಜಾಗ ಚಂದ ಇದ್ದರೆ ಸಾಧಾರಣ ಚಿತ್ರವೂ ಚಂದ ಕಾಣುತ್ತದೆ. ಅದು ಬಿಡಿಸಿದವರಿಗೇ ಒಳ್ಳೆಯದಲ್ಲ.

ಶಾಲೆಯಲ್ಲಿದ್ದಾಗ ಮಕ್ಕಳಿಗೆ ಒಂದು ಪರೀಕ್ಷೆ ಹೇಳುತ್ತಿದ್ದೆ. ಅದೇ ಜಾಗದ ಫೋಟೋ ಚಿತ್ರ ಇಲ್ಲದೆಯೂ ಒಂದು ತೆಗೆಯಿರಿ. ಎರಡನ್ನೂ ಪಕ್ಕ ಪಕ್ಕ ಇಡಿ. ಚಿತ್ರ ಇಲ್ಲದ ಫೋಟೋವೂ ಅಷ್ಟೇ ಇಷ್ಟ ಆದರೆ, ನಿಮಗೆ ಇಷ್ಟ ಆದದ್ದು ಜಾಗ. ಚಿತ್ರ ಇಲ್ಲದಾಗ ಅಲ್ಲಿ ಏನೋ ಕಮ್ಮಿ ಅನ್ನಿಸಿದರೆ ಮಾತ್ರ ಆ ಜಾಗಕ್ಕೂ ಚಿತ್ರಕ್ಕೂ ಸಂಬಂಧ ಇದೆ.

ಹಾಗಂತ ಹೊರಗೆ ತೆಗೆಯಲೇಬಾರದು ಅಂತ ನಾನು ಹೇಳುವುದಿಲ್ಲ. ಪ್ಯಾರಿಸ್ಸಿನಲ್ಲಿ ಇದ್ದ ರುಮೇನಿಯಾದ ಶಿಲ್ಪಿ ಬ್ರಾಂಕುಸಿ (1876–1957) ತನ್ನ ಕೆಲಸದ ಫೋಟೋಗಳನ್ನು ತಾನೇ ತೆಗೆಯುತ್ತಿದ್ದ. ಛಾಯಾಗ್ರಾಹಕ ಮ್ಯಾನ್ ರೇ ಅವನಿಗೆ ಕ್ಯಾಮೆರಾ ಕೊಳ್ಳಲು, ಕತ್ತಲೆಕೋಣೆ ಮಾಡಿಕೊಳ್ಳಲು ನೆರವಾದ. ಬ್ರಾಂಕುಸಿಯ ಫೋಟೋಗಳಲ್ಲಿ ಹೊಳೆಯುವ ಕಂಚಿನ ಮೇಲೆ ಬಿಸಿಲು ಬಡಿದು ಬೆಳ್ಳಗೆ ಒಡೆದು ಹೋಗಿರುತ್ತದೆ. ಸ್ಟುಡಿಯೋದವರು ಅದನ್ನು ಒಪ್ಪುವುದಿಲ್ಲ. ಅವನಿಗೆ ಅದೇ ಬೇಕಿತ್ತು. ಬೆಳಕು ಬಿದ್ದಾಗ ಆ ಶಿಲ್ಪ ಏನಾಗುತ್ತದೆ ಅನ್ನುವುದು ಕೆಲಸದ ಒಳಗಿನ ವಿಷಯ. ಇಂಥ ಕಾರಣ ಇದ್ದರೆ ಧಾರಾಳ ಹೊರಗೆ ತನ್ನಿ.

ಕುಂಬಳೆ ಬೋರ್ಡು

ಮಾಷ್ಟ್ರೇ, ನಿಮ್ಮ ಮಾತಿಗೆ ನನ್ನ ಕೆಲಸ ಹೊಂದುವುದಿಲ್ಲ ನೋಡಿ. ನಾನು ಅಂಗಡಿ ಬೋರ್ಡು ಬರೆಯುವವ. ಎನಾಮೆಲ್ ಪೈಂಟಿನಲ್ಲಿ, ಕೈಯಲ್ಲಿ. ಮಲಯಾಳವೂ ಬರೆಯುತ್ತೇನೆ, ಕನ್ನಡವೂ ಬರೆಯುತ್ತೇನೆ. ನನ್ನ ಕೆಲಸ ಇರುವುದೇ ಹೊರಗೆ. ಒಳಗೆ ತೆಗೆದ ಫೋಟೋ ಅಂದರೆ ಬಣ್ಣ ಒಣಗುವ ಮೊದಲು ಶೆಡ್ಡಿನಲ್ಲಿ ತೆಗೆದದ್ದು ಮಾತ್ರ. ಅದರಲ್ಲಿ ಬೋರ್ಡು ಇನ್ನೂ ಬೋರ್ಡು ಆಗಿರುವುದಿಲ್ಲ.

ಬೋರ್ಡಿನ ಮುಂದೆ ಸ್ಕೂಟರ್ ನಿಂತಿರುತ್ತದೆ. ಮೇಲೆ ಕರೆಂಟು ವೈರು. ಬಾಳೆಗೊನೆ ತೂಗು ಹಾಕಿ ಒಂದು ಅಕ್ಷರ ಮುಚ್ಚಿರುತ್ತದೆ. ಮೊದಲೆಲ್ಲ ಸ್ಕೂಟರ್ ಸರಿಸಿ, ಗೊನೆ ಇಳಿಸಿ ತೆಗೆಯುತ್ತಿದ್ದೆ. ಈಗ ಎಲ್ಲ ಇದ್ದ ಹಾಗೇ ತೆಗೆಯುತ್ತೇನೆ. ರಸ್ತೆಯ ಆಚೆ ಬದಿ, ಬಸ್ಸಿಗೆ ಕಾಯುವವರು ನಿಲ್ಲುವ ಜಾಗದಲ್ಲಿ ನಿಂತು. ಅಲ್ಲಿಂದ ಅಕ್ಷರ ಓದಲು ಆದರೆ ನನ್ನ ಕೆಲಸ ಸರಿಯಾಗಿದೆ. ಆಗದಿದ್ದರೆ ಇಲ್ಲ. ಹಿನ್ನೆಲೆ ಇಲ್ಲದ ಫೋಟೋದಲ್ಲಿ ಅದು ಹೇಗೆ ತಿಳಿಯುತ್ತದೆ?

ಇನ್ನೂ ಒಂದು ಕಾರಣ ಇದೆ. ಒಂದೊಂದೇ ಬೋರ್ಡು ಹೋಗಿ ಫ್ಲೆಕ್ಸ್ ಬರುತ್ತಿದೆ. 1956ರ ನವೆಂಬರ್ 1ಕ್ಕೆ ಆಗಿನ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿದ ಮೇಲೂ ಇಲ್ಲಿನ ಪೇಟೆಗಳಲ್ಲಿ ಕನ್ನಡ ಅಕ್ಷರ ಉಳಿದದ್ದು ಈ ಕೈಬರಹದ ಬೋರ್ಡುಗಳಲ್ಲಿ. ಎರಡೂ ಲಿಪಿ ಒಂದೇ ಹಲಗೆಯಲ್ಲಿ, ಒಂದೇ ಕುಂಚದಲ್ಲಿ. ಆ ಫೋಟೋದಲ್ಲಿ ಅಂಗಡಿ, ರಸ್ತೆ, ಜನ ಎಲ್ಲ ಇರಬೇಕು ಅಂತ ನನ್ನ ಆಸೆ. ನಾಳೆ ಬೋರ್ಡು ಹೋದ ಮೇಲೆ ಅದು ಎಲ್ಲಿ ಇತ್ತು, ಯಾರ ತಲೆಯ ಮೇಲೆ ಇತ್ತು ಅಂತ ಗೊತ್ತಾಗಬೇಕಲ್ವಾ?

ಪೆರ್ಲದ ಡ್ರಾಯಿಂಗ್ ಮಾಷ್ಟ್ರು

ಕುಂಬಳೆಯವರೇ, ನಿಮ್ಮ ಬೋರ್ಡು ನನ್ನ ಪರೀಕ್ಷೆಯಲ್ಲಿ ಪಾಸಾಗುತ್ತದೆ. ಬೋರ್ಡು ತೆಗೆದರೆ ಆ ಅಂಗಡಿಯ ಮುಖದಲ್ಲಿ ಏನೋ ಇಲ್ಲ ಅಂತ ಆಗುತ್ತದೆ. ನಾನು ಕೇಳುವುದು ಇಷ್ಟೇ ಸಂಬಂಧ. ಆ ಫೋಟೋಗಳನ್ನು ತಾರೀಕು, ಊರು ಬರೆದು ಜೋಪಾನವಾಗಿ ಇಡಿ. ಒಂದು ಪ್ರತಿ ಬೇರೆ ಕಡೆಯೂ ಇರಲಿ.

ಮಂಜೇಶ್ವರದ ಸೂಜಿ

ನಾನು ಬಟ್ಟೆಯ ಮೇಲೆ ಕಸೂತಿ ಮಾಡುತ್ತೇನೆ. ಕಡಲ ಬದಿಯಲ್ಲಿ ಫೋಟೋ ತೆಗೆಯುವ ಬಗ್ಗೆ ಎರಡು ಮಾತು.

ಗಾಳಿ. ಮಧ್ಯಾಹ್ನದ ನಂತರ ಕಡಲಿನಿಂದ ಗಾಳಿ ಏಳುತ್ತದೆ. ಚೌಕಟ್ಟಿಗೆ ಬಿಗಿದ ಬಟ್ಟೆ ದೋಣಿಯ ಹಾಯಿಯಂತೆ ಗಾಳಿ ಹಿಡಿಯುತ್ತದೆ. ಸುಮ್ನೆ ಒರಗಿಸಿ ಇಟ್ಟರೆ ಬಿದ್ದೇ ಬೀಳುತ್ತದೆ. ಹಿಂದಿನಿಂದ ಒಬ್ಬರು ಹಿಡಿಯಬೇಕು. ಬೆಳಿಗ್ಗೆ ಹೋದರೆ ಗಾಳಿಯೂ ಕಮ್ಮಿ, ಬೆಳಕೂ ಬೆನ್ನಿನ ಕಡೆಯಿಂದ ಬರುತ್ತದೆ. ನಮ್ಮ ಕಡಲು ಪಡುವಣಕ್ಕೆ ಅಲ್ವಾ? ಸಂಜೆ ಕಡಲನ್ನು ಹಿಂದೆ ಇಟ್ಟರೆ ಬಿಸಿಲು ಕ್ಯಾಮೆರಾಕ್ಕೆ ನೇರ ಹೊಡೆಯುತ್ತದೆ, ಕೆಲಸ ಕಪ್ಪಾಗುತ್ತದೆ. ತೆಳು ಬಟ್ಟೆಯಾದರೆ ಆ ಬೆಳಕೂ ಚಂದ, ನೂಲಿನ ನಡುವೆ ಹಾದು ಬರುತ್ತದೆ. ಉಪ್ಪಿನ ತೇವ ಮಾತ್ರ ನೂಲಿಗೆ ಒಳ್ಳೆಯದಲ್ಲ. ಮನೆಗೆ ಬಂದು ಗಾಳಿಯಾಡುವಲ್ಲಿ ಒಣಗಿಸಿ ಆಮೇಲೆ ಮಡಚಿ. ಎಣ್ಣೆಬಣ್ಣದವರು ಪೂರ್ತಿ ಒಣಗದ ಚಿತ್ರ ತರಲೇಬೇಡಿ, ಹೊಯಿಗೆ ಅಂಟಿದರೆ ತೆಗೆಯಲು ಆಗುವುದಿಲ್ಲ.

ಎರಡನೆಯದ್ದು ನನಗೆ ಇನ್ನೂ ಮುಖ್ಯ. ಮೀನು ಇಳಿಸುವಲ್ಲಿ ಹೋಗಿ, ಅಲ್ಲಿನ ಹೆಂಗಸರ ಕೈಯಲ್ಲಿ ತಮ್ಮ ಚಿತ್ರ ಕೊಟ್ಟು "ಹೀಗೆ ಹಿಡಿಯಿರಿ, ಹೀಗೆ ನಗಿ" ಅಂತ ಫೋಟೋ ತೆಗೆಯುವವರನ್ನು ನೋಡಿದ್ದೇನೆ. ಅವರಿಗೆ ಅದು ವ್ಯಾಪಾರದ ಹೊತ್ತು. ಮೀನು ಹಾಳಾಗುವ ಮೊದಲು ಮಾರಬೇಕು. ಅವರ ಬುಟ್ಟಿ, ಅವರ ಮುಖ ನಮ್ಮ ಚಿತ್ರದ ಅಲಂಕಾರಕ್ಕೆ ಇರುವುದಲ್ಲ. ಫೋಟೋದಲ್ಲಿ ಯಾರಾದರೂ ಬರುವುದಾದರೆ ಮೊದಲೇ ಕೇಳಬೇಕು. ಎಲ್ಲಿ ಹಾಕುತ್ತೇವೆ ಅಂತ ಹೇಳಬೇಕು. ಮಕ್ಕಳಾದರೆ ಅವರ ಮನೆಯವರನ್ನು ಕೇಳಬೇಕು. ಬೇಡ ಅಂದರೆ ಅಲ್ಲಿಗೆ ಮುಗಿಯಿತು.

ಮುಳ್ಳೇರಿಯ ಮಣ್ಣು

ಮಂಜೇಶ್ವರದ ಅಕ್ಕನ ಮಾತಿಗೆ ನನ್ನದೂ ಒಂದು ಸೇರಿಸುತ್ತೇನೆ. ದೈವಸ್ಥಾನದ ಅಂಗಳ, ನಾಗಬನ, ಇಂಥ ಕಡೆ ಕೆಲಸ ಇಟ್ಟು ಫೋಟೋ ತೆಗೆಯುವುದು ಬೇಡ. ಕಲ್ಲು, ನೆರಳು, ಮರ ಎಲ್ಲ ಚಂದ ಇರುತ್ತದೆ, ಆಸೆ ಆಗುತ್ತದೆ. ಆದರೆ ಅದು ನಂಬಿದವರ ಜಾಗ. ಬೇಕೇ ಬೇಕು ಅಂದರೆ ನಡೆಸಿಕೊಂಡು ಬಂದವರ ಒಪ್ಪಿಗೆ ಮೊದಲು.

ಬೇಕಲ ಕೋಟೆ ಕೇಂದ್ರ ಪುರಾತತ್ವ ಇಲಾಖೆಯ ಕೈಯಲ್ಲಿದೆ. ಫೋನಿನಲ್ಲಿ ತೆಗೆಯುವುದು ಒಂದು, ಟ್ರೈಪಾಡ್ ಇಟ್ಟು ಚಿತ್ರ ಜೋಡಿಸಿ ತೆಗೆಯುವುದು ಇನ್ನೊಂದು. ಎರಡನೆಯದ್ದಕ್ಕೆ ಹೋಗುವ ಮೊದಲೇ ಅನುಮತಿ ಕೇಳಿಕೊಳ್ಳಿ.

ಬದಿಯಡ್ಕದ ಬಣ್ಣ

ಎಲ್ಲರಿಗೂ ತುಂಬಾ ಉಪಕಾರ. ಮಾಷ್ಟ್ರು ಹೇಳಿದ ಪರೀಕ್ಷೆ ಮಾಡಿ ನೋಡಿದೆ. ಬಾವಿಕಟ್ಟೆ ಫೋಟೋದಲ್ಲಿ ನಿಜವಾಗಿಯೂ ಬಾವಿಯೇ ಚಂದ. ಚಿತ್ರ ಇಲ್ಲದಿದ್ದರೂ ನಡೆಯುತ್ತದೆ. ಆದರೆ ಸುರಂಗದ ಚಿತ್ರವನ್ನು ನಮ್ಮ ಗುಡ್ಡೆಯ ಸುರಂಗದ ಬಾಯಿಯ ಬದಿಯಲ್ಲೇ ಇಟ್ಟು ತೆಗೆದದ್ದು ಬೇರೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ, ಸುರಂಗ ಅಂದರೆ ಮುರಕಲ್ಲಿನ ಗುಡ್ಡೆಗೆ ಅಡ್ಡಲಾಗಿ ಕೊರೆದ ದಾರಿ. ಒಬ್ಬ ಮನುಷ್ಯ ಬಗ್ಗಿ ಒಳಗೆ ಹೋಗುವಷ್ಟು. ಒಳಗಿನ ಒರತೆಯ ನೀರು ಹರಿದು ಹೊರಗಿನ ಕೊಳಕ್ಕೆ ಬರುತ್ತದೆ. ಪಂಪು ಬೇಡ. ನನ್ನ ಚಿತ್ರದಲ್ಲಿ ಒಳಗಿನ ಕತ್ತಲೆಯನ್ನು ಕಪ್ಪು ಬಳಸದೆ, ನೀಲಿ ಮತ್ತು ಕಂದು ಸೇರಿಸಿ ಮಾಡಿದ್ದೆ. ನಿಜವಾದ ಕತ್ತಲೆಯ ಬದಿಯಲ್ಲಿ ಇಟ್ಟಾಗ ಎರಡೂ ಒಂದನ್ನೊಂದು ನೋಡುತ್ತಿವೆ ಅನ್ನಿಸಿತು. ಚಿತ್ರ ಇಲ್ಲದ ಫೋಟೋದಲ್ಲಿ ಬರೀ ಒಂದು ತೂತು.

ಹಾಗಾಗಿ ಹೊರಗಿನ ಫೋಟೋ ಬಿಡುವುದಿಲ್ಲ. ಜಾಗ ಆರಿಸುವಾಗ ಈ ಪ್ರಶ್ನೆ ಕೇಳಿಕೊಳ್ಳುತ್ತೇನೆ.

ಇನ್ನೊಂದು ಕೇಳಬೇಕಿತ್ತು. ಒಂದು ಪ್ರದರ್ಶನದವರು ಹಿನ್ನೆಲೆ ಇಲ್ಲದ ಫೋಟೋ ಮಾತ್ರ ಕಳಿಸಲು ಹೇಳಿದ್ದಾರೆ. ಹೊರಗಿನದ್ದನ್ನು ಕಳಿಸಲೇ ಬಾರದಾ?

ಮುಂಬಯಿಯಿಂದ ಕಾಸ್ರೋಡು

ನಾನು ಬಿಡಿಸುವವನಲ್ಲ, ಕೊಳ್ಳುವವನು. ಊರು ಕಾಸರಗೋಡು, ಇರುವುದು ಮುಂಬಯಿಯಲ್ಲಿ. ಮನೆಯ ಗೋಡೆಗೆ ಊರಿನವರ ಚಿತ್ರಗಳನ್ನು ತರಿಸುತ್ತೇನೆ. ಕೊಳ್ಳುವವನ ಕಡೆಯಿಂದ ಹೇಳುತ್ತೇನೆ.

ನನಗೆ ಎರಡೂ ಬೇಕು. ದೂರದಿಂದ ದುಡ್ಡು ಕಳಿಸುವಾಗ ಬಣ್ಣ ನಿಜವಾಗಿ ಹೇಗಿದೆ ಅಂತ ತಿಳಿಯಬೇಕು. ಅದಕ್ಕೆ ನೇರವಾಗಿ, ಸಮ ಬೆಳಕಿನಲ್ಲಿ, ಅಂಚಿನವರೆಗೆ ತೆಗೆದ ಫೋಟೋ ಬೇಕು. ಹೊರಗಿನ ಫೋಟೋ ಬೇರೆ ಕೆಲಸ ಮಾಡುತ್ತದೆ. ಸೆಂಟಿಮೀಟರಿನಲ್ಲಿ ಅಳತೆ ಬರೆದರೂ ನನ್ನ ತಲೆಗೆ ಹೋಗುವುದಿಲ್ಲ. ಜಗಲಿಯ ಮೇಲೆ ಒಂದು ಚೆಂಬಿನ ಬದಿಯಲ್ಲಿ ಇಟ್ಟರೆ ಕೂಡಲೇ ಗೊತ್ತಾಗುತ್ತದೆ. ಮತ್ತೆ, ಸಂಜೆಯ ಕೆಂಪು ಬಿಸಿಲಿನಲ್ಲಿ ತೆಗೆದದ್ದಾದರೆ ಹಾಗಂತ ಕೆಳಗೆ ಬರೆಯಿರಿ. ಚಿತ್ರ ಬಂದ ಮೇಲೆ ಅಷ್ಟು ಕೆಂಪು ಇಲ್ಲ ಅಂತ ಬೇಜಾರು ಆಗಬಾರದು.

ಒಂದು ಎಚ್ಚರಿಕೆ. ಫೋನಿನಲ್ಲಿ ಲೊಕೇಶನ್ ಆನ್ ಇದ್ದರೆ ಫೋಟೋ ಫೈಲಿನೊಳಗೆ ನಿಮ್ಮ ಮನೆಯ ಜಾಗ ದಾಖಲಾಗುತ್ತದೆ. ಅಂಗಳದಲ್ಲಿ ತೆಗೆದ ಫೋಟೋವನ್ನು ಮೂಲ ಫೈಲಾಗಿ ಕಳಿಸಿದರೆ ಯಾರು ಬೇಕಾದರೂ ನೋಡಬಹುದು. ಕ್ಯಾಮೆರಾ ಸೆಟ್ಟಿಂಗಿನಲ್ಲಿ ಅದನ್ನು ಆಫ್ ಮಾಡಿ ಇಡಿ. ಒಬ್ಬರೇ ಇರುವ ಹೆಂಗಸರು ಇದನ್ನು ಖಂಡಿತ ಮಾಡಬೇಕು.

ಉಪ್ಪಳ ಸ್ಟುಡಿಯೋ

ಪ್ರದರ್ಶನಕ್ಕೆ ಅವರು ಕೇಳಿದ್ದನ್ನೇ ಕಳಿಸಿ ಅಕ್ಕ. ಅದಕ್ಕೆ ಸ್ಟುಡಿಯೋ ಬೇಡ. ಮೋಡ ಕವಿದ ದಿನ, ಮಳೆ ಇಲ್ಲದ ಹೊತ್ತಿನಲ್ಲಿ, ಅಂಗಳದಲ್ಲಿ ಒಂದು ಬೂದು ಅಥವಾ ಬಿಳಿ ಬಟ್ಟೆ ಹಾಸಿ ಚಿತ್ರ ಇಟ್ಟು ಮೇಲಿನಿಂದ ತೆಗೆಯಿರಿ. ನಿಮ್ಮ ನೆರಳು ಬೀಳದ ಹಾಗೆ ನೋಡಿಕೊಳ್ಳಿ. ಕಡು ಬಣ್ಣದ ಸೀರೆ, ಅಂಗಿ ಹಾಕಬೇಡಿ, ಅದರ ಛಾಯೆಯೂ ಕಾಗದಕ್ಕೆ ಬರುತ್ತದೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುವ ಜಿಲ್ಲೆ ನಮ್ಮದು, ಮೋಡಕ್ಕೆ ಬರ ಇಲ್ಲ. ಹನಿ ಶುರುವಾಗುವ ಮೊದಲು ಒಳಗೆ ತನ್ನಿ, ಅಷ್ಟೇ. ಅಡಿಕೆಗೆ ಮೈಲುತುತ್ತಿನ ಔಷಧಿ ಸಿಂಪಡಿಸುವ ದಿನ ತೋಟದ ಹತ್ತಿರ ಬೇಡ. ಆ ಹನಿ ಕಾಗದಕ್ಕೆ ಬಿದ್ದರೆ ನೀಲಿ ಕಲೆ ಹೋಗುವುದಿಲ್ಲ.

ಇನ್ನೊಂದು ಕಾನೂನಿನ ಮಾತು. ಚಿತ್ರದ ಹಕ್ಕು ನಿಮ್ಮದೇ. ಆದರೆ 1957ರ ಕಾಪಿರೈಟ್ ಕಾಯ್ದೆಯಲ್ಲಿ ಫೋಟೋಗೂ ಬೇರೆ ಹಕ್ಕು ಇದೆ, ಅದರ ಕರ್ತೃ ಫೋಟೋ ತೆಗೆದವರು. ದುಡ್ಡು ಕೊಟ್ಟು ತೆಗೆಸಿದರೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಹಕ್ಕು ತೆಗೆಸಿದವರಿಗೆ. ಗೆಳೆಯರು ಸುಮ್ನೆ ತೆಗೆದು ಕೊಟ್ಟರೆ ಅವರದ್ದೇ. ಹಾಗಾಗಿ ಎಲ್ಲಿ ಬಳಸಬಹುದು ಅಂತ ಒಂದು ಸಾಲು ಬರೆಸಿಕೊಳ್ಳಿ. ನೀವೇ ತೆಗೆದರೆ ಈ ತಲೆಬಿಸಿ ಇಲ್ಲ.

ಕುಂಬಳೆ ಬೋರ್ಡು

ಉಪ್ಪಳದವರಲ್ಲಿ ನನ್ನದೊಂದು ಪ್ರಶ್ನೆ. ಎನಾಮೆಲ್ ಪೈಂಟು ಹೊಳೆಯುತ್ತದೆ. ಹೊಸ ಬೋರ್ಡಿಗೆ ಆಕಾಶದ ಬಿಳಿ ಬಿದ್ದು ಅರ್ಧ ಅಕ್ಷರ ಕಾಣುವುದಿಲ್ಲ. ಬೋರ್ಡನ್ನು ತಿರುಗಿಸಲು ಆಗುವುದಿಲ್ಲ. ಏನು ಮಾಡುವುದು?

ಉಪ್ಪಳ ಸ್ಟುಡಿಯೋ

ಪೋಲರೈಸರ್ ಫಿಲ್ಟರ್ ಬಳಸಿ ಅಣ್ಣ. ಫೋನಿಗೆ ಕ್ಲಿಪ್ ಹಾಕಿ ಸಿಕ್ಕಿಸುವಂಥದ್ದೂ ಸಿಗುತ್ತದೆ. ಲೆನ್ಸಿನ ಮುಂದೆ ಇಟ್ಟು ನಿಧಾನ ತಿರುಗಿಸಿ. ಒಂದು ಕೋನದಲ್ಲಿ ಹೊಳಪು ಇಳಿದು ಬಣ್ಣ ಎದ್ದು ಬರುತ್ತದೆ. ನೇರ ಎದುರು ನಿಂತರೆ ಅಷ್ಟು ಕೆಲಸ ಮಾಡುವುದಿಲ್ಲ, ಸ್ವಲ್ಪ ಬದಿಗೆ ಸರಿದು ನಿಲ್ಲಬೇಕು. ಫಿಲ್ಟರ್ ಬೆಳಕನ್ನೂ ಕಮ್ಮಿ ಮಾಡುತ್ತದೆ, ಹಾಗಾಗಿ ಕತ್ತಲಾಗುವ ಹೊತ್ತಿಗೆ ಬೇಡ. ಗಾಜು ಹಾಕಿದ ಚಿತ್ರಕ್ಕೂ ಇದೇ ಉಪಾಯ, ಗಾಜು ತೆಗೆಯಲು ಆದರೆ ತೆಗೆಯುವುದೇ ಒಳ್ಳೆಯದು.

ಶನಿವಾರ ನನಗೆ ಮದುವೆ ಇಲ್ಲ. ಕುಂಬಳೆ ಪೇಟೆಗೆ ಬರುತ್ತೇನೆ, ನನ್ನ ಫಿಲ್ಟರ್ ತರುತ್ತೇನೆ. ಬೆಳಿಗ್ಗೆ ಅಂಗಡಿಗಳು ತೆರೆಯುವ ಹೊತ್ತಿಗೆ ಸಿಗಿ. ಬದಿಯಡ್ಕದ ಅಕ್ಕನಿಗೂ ಪುರುಸೊತ್ತು ಇದ್ದರೆ ಬರಬಹುದು, ಬೂದು ಕಾರ್ಡ್ ಒಂದು ಹೆಚ್ಚಿಗೆ ಇದೆ, ಕೊಡುತ್ತೇನೆ.

ಬದಿಯಡ್ಕದ ಬಣ್ಣ

ಬರುತ್ತೇನೆ. ಅಡಿಕೆ ಅಂಗಳದ ಚಿತ್ರವನ್ನೂ ತರುತ್ತೇನೆ, ಬಣ್ಣ ಎಷ್ಟು ಸರಿ ಬರುತ್ತದೆ ಅಂತ ಎದುರೇ ನೋಡಬಹುದು.